ಹೇಳದೆ ಬದಲಾಯಿಸಿದ್ದು

ಮೇಷ್ಟ್ರ ಬಲ ಅಂಗೈಯಲ್ಲಿ ಹುಣಸೆಬೀಜದಷ್ಟು ಅಗಲಕ್ಕೆ ಜಡ್ಡುಗಟ್ಟಿತ್ತು. ಕಣ್ಣು ಕಾಣದ ಮಕ್ಕಳಿಗೆಂದು ದಪ್ಪ ಕಾಗದದ ಮೇಲೆ ವರ್ಷಗಟ್ಟಲೆ ಬ್ರೈಲ್ ಚುಕ್ಕೆ ಒತ್ತಿ ಒತ್ತಿ ಆದದ್ದು. ಭದ್ರಾವತಿಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ನಿವೃತ್ತರಾದ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತರು. ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಶಿವಮೊಗ್ಗದ ಸವಳಂಗ ರಸ್ತೆಯ ಮಹಡಿ ಕೋಣೆಯೊಂದರಲ್ಲಿ ಕೂತು ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ಬರೆದು ಮಾರುತ್ತಿದ್ದೆ. ಅದಕ್ಕೆ ಬೇರೆಯವರೂ ತಮ್ಮ ಪ್ರೋಗ್ರಾಂ ಜೋಡಿಸಬಹುದಿತ್ತು, ಜೋಡಿಸಿದವರು ಇವರೊಬ್ಬರೇ. ನನ್ನ ಸಾಫ್ಟ್‌ವೇರ್ ಪ್ರತಿ ಸಾಲನ್ನೂ ಪುಟದ ಸಂಖ್ಯೆ, ಸಾಲಿನ ಸಂಖ್ಯೆ ಸಮೇತ ಕೊಡುತ್ತಿತ್ತು. ಇವರ ಪ್ರೋಗ್ರಾಂ ಅದನ್ನು ಬ್ರೈಲ್ ಪ್ರಿಂಟರಿಗೆ ದಾಟಿಸುತ್ತಿತ್ತು.

ಭಾನುವಾರ ಬಸ್ಸಿನಲ್ಲಿ ಬರುತ್ತಿದ್ದರು. ನನ್ನ ಸಾಫ್ಟ್‌ವೇರ್ ಏನು ಕೊಡುತ್ತದೆ, ಯಾವುದರ ಹಿಂದೆ ಯಾವುದು ಎಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ನನ್ನ ಸಹಿ ಹಾಕಿಸುತ್ತಿದ್ದರು.

“ಒಳಗೆ ಏನ್ ಬೇಕಾದ್ರೂ ಮಾಡ್ಕೋ ಮಾರಾಯ. ನನ್ ಕೈಗೆ ಕೊಡೋದನ್ನ ಮಾತ್ರ ಬದಲಾಯಿಸ್ಬೇಡ.”

ನಾನು ನಗುತ್ತ ಸಹಿ ಹಾಕುತ್ತಿದ್ದೆ. ದೊಡ್ಡ ಬುದ್ಧಿವಂತನಲ್ಲವೇ!

ಹೊಸ ಆವೃತ್ತಿ ಬರೆಯುವಾಗ, ನೋಡಲು ಅಚ್ಚುಕಟ್ಟಾಗಿರಲಿ ಎಂದು ಸಾಲಿನ ಸಂಖ್ಯೆಯನ್ನು ಮುಂದೆ ತಂದು ಪುಟದ ಸಂಖ್ಯೆಯನ್ನು ಹಿಂದೆ ಹಾಕಿದೆ. ಮೇಷ್ಟ್ರಿಗೆ ತಿಳಿಸಲಿಲ್ಲ. ಫ್ಲಾಪಿ ಮಾತ್ರ ಕಳಿಸಿದೆ. ಅವರ ಪ್ರೋಗ್ರಾಂ ಕೆಟ್ಟು ನಿಂತಿದ್ದರೆ ಪುಣ್ಯ ಇತ್ತು. ಅದು ಸಾಲಿನ ಸಂಖ್ಯೆಯನ್ನೇ ಪುಟದ್ದೆಂದು ತಿಳಿದು, ಈ ಪುಟದ ಸಾಲನ್ನು ಆ ಪುಟಕ್ಕೆ ಸೇರಿಸಿ, ಇಡೀ ವಿಜ್ಞಾನ ಪಾಠವನ್ನು ಕಲಸುಮೇಲೋಗರ ಮಾಡಿ ತಣ್ಣಗೆ ಮುದ್ರಿಸಿತು. ಯಾವಾಗಲೂ ಬೆರಳಾಡಿಸಿ ಪರೀಕ್ಷಿಸುತ್ತಿದ್ದ ಮೇಷ್ಟ್ರು ಆಗ ಜ್ವರದಲ್ಲಿ ಮಲಗಿದ್ದರು. ಭದ್ರಾವತಿಯ ಆ ಕಣ್ಣು ಕಾಣದ ಮಕ್ಕಳ ಹಾಸ್ಟೆಲಿನವರೇ ಮುದ್ರಿಸಿ, ಹತ್ತನೇ ತರಗತಿಯ ಹುಡುಗಿಯೊಬ್ಬಳ ಕೈಗೆ ಕೊಟ್ಟರು.

ಮುಂದಿನದು ಗೊತ್ತಾದದ್ದು ಮೇಷ್ಟ್ರು ಒಂದು ಸೋಮವಾರ ಬಂದಾಗ. ಹದಿನೈದು ದಿನ ಆ ಪುಟಗಳನ್ನೇ ಓದಿದ ಹುಡುಗಿ, “ನನ್ ತಲೆಗೆ ಹತ್ತಲ್ಲ ಸಾರ್, ಊರಿಗೆ ಹೋಗ್ತೀನಿ” ಎಂದು ಹಟ ಹಿಡಿದಿದ್ದಳಂತೆ. ಅವರು ನನ್ನನ್ನು ಬೈಯಲಿಲ್ಲ.

“ತಪ್ಪು ನಿಂದು ಅಂತ ನೀನೇ ಬಂದು ಅವಳಿಗೆ ಹೇಳಪ್ಪ. ನಾನ್ ಹೇಳಿದ್ರೆ, ಸಮಾಧಾನಕ್ಕೆ ಹೇಳ್ತೀರಿ ಅಂತಾಳೆ.”

“ಭಾನುವಾರ ಬಂದೇ ಬರ್ತೀನಿ ಸಾರ್.”

ಸರಿಪಡಿಸಿದ ಫ್ಲಾಪಿಯನ್ನು ಅಲ್ಲೇ ಕೈಗಿಟ್ಟೆ. ಭದ್ರಾವತಿ ಏನು ದೂರವೇ? ಮಲವಗೊಪ್ಪ ದಾಟಿದರೆ ಬಂತು. ಹೋಗಲಿಲ್ಲ. ಶಾಲೆಗೆ ಹೋಗುವ ಹುಡುಗಿಯ ಮುಂದೆ ನಿಂತು ತಪ್ಪಾಯ್ತು ಎನ್ನಲು ನನಗೆ ನಾಚಿಕೆ. ಸರಿ ಮಾಡಿ ಕೊಟ್ಟಿದ್ದೇನಲ್ಲ ಎಂದುಕೊಂಡೆ. ಒಂದು ಭಾನುವಾರ ಹೋಯಿತು, ಇನ್ನೊಂದು ಹೋಯಿತು. ತಿಂಗಳು ತುಂಬುವುದರೊಳಗೆ ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡರು.

ಆಗ ಹೋದೆ. ಅವರ ಮನೆಯಂಗಳದಲ್ಲಿ ಹಾಸ್ಟೆಲಿನ ವಾರ್ಡನ್ ಸಿಕ್ಕರು. ಆ ಹುಡುಗಿ ಎಲ್ಲಿ ಎಂದು ಕೇಳಿದೆ.

“ಅವ್ಳು ಹೋಗಿ ಹತ್ತು ದಿನ ಆಯ್ತು. ಓದು ಬೇಡ ಅಂತ ಬಿಟ್ಟೇ ಹೋದ್ಲು. ಶಿವಮೊಗ್ಗದಿಂದ ಯಾರೋ ಬರ್ತಾರೆ, ಇದೊಂದು ಭಾನುವಾರ ಇರಮ್ಮ ಅಂತ ಮೇಷ್ಟ್ರು ಎರಡು ವಾರ ತಡೆದಿದ್ರು.”

ಆ ಯಾರೋ ನಾನೇ ಎಂದು ಅವರಿಗೂ ಹೇಳಲಿಲ್ಲ.