ಹೋಳಿಗೆಯಲ್ಲಿ ವಿಷ

ಓಣಿಯ ಮಂದಿ ಮಾತು ಬಿಡಬಹುದು. ಯಾರಾದರೂ ವಕೀಲರನ್ನು ಕರೆದುಕೊಂಡು ಬರಬಹುದು. ನಾನು ಪಾಠ ಹೇಳುವ ಶಾಲೆಯಲ್ಲಿ ಮಕ್ಕಳು ನನ್ನ ಕೈಯಿಂದ ಚಾಕಲೇಟು ತೆಗೆದುಕೊಳ್ಳದೆ ಓಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದ ಮನೆಯ ಮಹಾದೇವಕ್ಕ ಇನ್ನು ನನ್ನ ಮೋರೆಯನ್ನೇ ನೋಡದಿರಬಹುದು. ಸಿಂದಗಿಯ ನಮ್ಮ ಓಣಿಯಂಥದೇ ಓಣಿಯಲ್ಲಿ ನಡೆಯುವ ಕೊಲೆಯ ಕಾದಂಬರಿ ಬರೆದು, ಮೊದಲ ಪ್ರತಿಯನ್ನು ಅವರಿಗೇ ಕೊಟ್ಟ ಮೇಲೆ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು.

ನೆರೆಯವರ ಡಬ್ಬಿಯನ್ನು ಖಾಲಿ ತಿರುಗಿ ಕೊಡಬಾರದು ಎಂಬುದು ನಮ್ಮ ಕಡೆಯ ರೂಢಿ. ನನ್ನ ಕಾದಂಬರಿಯಲ್ಲಿ ಪಕ್ಕದ ಮನೆಯ ಹೆಂಗಸು ಹೀಗೆ ತಿರುಗಿ ಕೊಡುವ ಡಬ್ಬಿಯಲ್ಲೇ ವಿಷದ ಹೋಳಿಗೆ ಇಟ್ಟು ಕೊಲ್ಲುತ್ತಾಳೆ. ಮಹಾದೇವಕ್ಕನ ಶೇಂಗಾ ಹೋಳಿಗೆಯೋ ಓಣಿಗೆಲ್ಲ ಹೆಸರುವಾಸಿ.

ಭಾನುವಾರ ಅವರು ಬಂದರು. ಹಿಂದಿನ ವಾರ ನಾನು ಹುಗ್ಗಿ ಕಳಿಸಿದ್ದ ಸ್ಟೀಲ್ ಡಬ್ಬಿ ಕೈಯಲ್ಲಿತ್ತು. ಮುಖದಲ್ಲಿ ನಗುವಿರಲಿಲ್ಲ.

"ಅಕ್ಕೋರ, ಪುಸ್ತಕ ಓದಿ ಮುಗಿಸೇನಿ. ಆ ವಿಷ ಹಾಕೂ ಹೆಂಗಸು ನಾನ ಹೌದಲ್ರಿ?"

"ಛೇ, ಇಲ್ರಿ, ಎಲ್ಲಾ ಕಲ್ಪನಾರಿ," ಎಂದೆ.

"ಇರವಲ್ದ್ಯಾಕ ಬಿಡ್ರಿ. ನಮ್ಮ ಮನ್ಯಾರಿಗೂ ಓದಿ ಹೇಳೇನಿ. ಅವತ್ತಿನಿಂದ ಅವರ ಚಾ ಅವರ ಮಾಡ್ಕೊಳ್ಳಾಕತ್ತಾರ."

ಇಬ್ಬರೂ ಬಾಗಿಲು ಹಿಡಿದುಕೊಂಡು ನಕ್ಕೆವು. ಡಬ್ಬಿ ಕೊಟ್ಟು, ಎರಡನೆಯ ಭಾಗ ಬೇಗ ಬರೆಯಿರಿ ಎಂದು ಹೇಳಿ ಹೋದರು.

ಯಾರೂ ಮಾತು ಬಿಡಲಿಲ್ಲ, ವಕೀಲರೂ ಬರಲಿಲ್ಲ. ಡಬ್ಬಿ ಹಗುರವೆನಿಸಿದರೂ ಹೋಳಿಗೆಯ ಆಸೆ ಬಿಡದೆ ಮುಚ್ಚಳ ತೆಗೆದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದು ತೊಳೆದು, ಒರೆಸಿ, ಖಾಲಿ ಬಂದಿತ್ತು.