ಎಡಗಡೆಯ ಗಾಲಿ

ದಸ್ತಗೀರ ಮಾಮಾ, ಆ ದಿನ ನೀವು ಹೇಳಿದ್ದು ನನಗೆ ಕೇಳಿಸಿತ್ತು. ಒಂದೊಂದು ಮಾತೂ ಕೇಳಿಸಿತ್ತು. ಕೇಳಿಸಲಿಲ್ಲವೆಂದು ಊರ ಜನರೆದುರು ಹೇಳಿದ್ದು — ಸುಳ್ಳು.

ಹತ್ತು ವರ್ಷವಾಯಿತು. ನಾನಾಗ ಅಲಖನೂರಿನ ಶಾಲೆಗೆ ಹೊಸದಾಗಿ ಸೇರಿದ ಶಿಕ್ಷಕಿ. ರಾಯಬಾಗದಿಂದ ಅಣ್ಣನ ವ್ಯಾನಿನಲ್ಲೇ ಹೋಗಿಬರುತ್ತಿದ್ದೆ. ಅವನು ಆ ದಾರಿಯಲ್ಲಿ ಪ್ಯಾಸೆಂಜರ್ ಕೂಡಿಸಿಕೊಂಡು ಓಡಿಸುತ್ತಿದ್ದ. ಹಿಂದಿನ ಗಾಲಿಗಳು ಗುಂಯ್‌ಗುಡತೊಡಗಿದ್ದರಿಂದ ಆ ಮುಂಜಾನೆ ನಿಮ್ಮ ಗ್ಯಾರೇಜಿಗೆ ಬಂದಿದ್ದೆವು. ನೀವು ಬಲಗಡೆಯ ಬೇರಿಂಗ್, ಆಯಿಲ್ ಸೀಲ್ ಎರಡನ್ನೂ ಬದಲಿಸಿದಿರಿ. ಆಮೇಲೆ ಎಡಗಡೆ ಜಾಕ್ ಹಚ್ಚಿ, ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದಿರಿ. ಅದು ಅಲುಗಾಡಿದ್ದು ಪಕ್ಕದಲ್ಲೇ ನಿಂತಿದ್ದ ನನಗೂ ಕಂಡಿತು.

"ಇದೂ ಹೋಗೇತಪಾ. ಸೀಲ್ ಹರದು ಆಯಿಲ್ ಎಲ್ಲಾ ಬ್ರೇಕಿಗೆ ಇಳದೈತಿ. ನಾಳೆ ಮಿರಜದಿಂದ ಬೇರಿಂಗ್ ತರಸ್ತೇನಿ, ಇವತ್ತ ಗಾಡಿ ಇಲ್ಲೇ ಬಿಡು," ಎಂದಿರಿ.

ಅಣ್ಣ ಯೋಚಿಸುತ್ತ ನಿಂತ. ಬಿಡುತ್ತಿದ್ದನೋ ಏನೋ — ನಾನೇ ಗಡಿಯಾರ ನೋಡಿ ಅಂದೆ: "ಸಾಲಿಗಿ ತಡಾ ಆಗಾಕತ್ತೈತಿ ಅಣ್ಣಾ, ನಡಿ. ನಾಳೆ ತಂದ್ರಾತು."

ಸಂಜೆ ಮರಳುವಾಗ ಆ ಗಾಲಿ ಆಕ್ಸಲ್ ಸಮೇತ ಕಿತ್ತುಬಂತು. ವ್ಯಾನ್ ಕಬ್ಬಿನ ಹೊಲಕ್ಕೆ ಉರುಳಿತು. ನನಗೊಂದು ಗೀರೂ ಆಗಲಿಲ್ಲ. ರಾಯಬಾಗದ ಮಗಳ ಮನೆಗೆ ಹೊರಟು ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅಲಖನೂರಿನ ಕಲ್ಲವ್ವ ಅಲ್ಲೇ ತೀರಿಕೊಂಡಳು.

ಮರುದಿನ ಜನ ನಿಮ್ಮ ಗ್ಯಾರೇಜಿಗೆ ನುಗ್ಗಿದರು. "ನಿನ್ನಿ ಮುಂಜಾನಿ ಇವರೇ ಗಾಲಿ ಬಿಚ್ಚಿ ಕೂಡ್ಸ್ಯಾರ," ಎಂದ ಅಣ್ಣ. ನೀವು ನನ್ನ ಕಡೆ ತಿರುಗಿದಿರಿ — ಎಂಥ ನಂಬಿಕೆಯಿಂದ! "ಗಾಡಿ ಬಿಡು ಅಂತ ಹೇಳಿದ್ನಿ. ಟೀಚರ್ ಅಲ್ಲೇ ಇದ್ರು, ಅವರನ್ನ ಕೇಳ್ರಿ. ಅವರು ಸುಳ್ಳ ಹೇಳಂಗಿಲ್ಲ."

"ನನಗೇನೂ ಕೇಳಿಸಿಲ್ರಿ," ಎಂದೆ.

ನೀವು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟಿರಿ, ಅಷ್ಟೇ. ಆಮೇಲೆ ನಿಮ್ಮಲ್ಲಿಗೆ ಒಂದು ಗಾಡಿಯೂ ಬರಲಿಲ್ಲ. ಗ್ಯಾರೇಜು ಮುಚ್ಚಿ ಉಗಾರಕ್ಕೆ ಹೋಗಿ, ಇನ್ನೊಬ್ಬರ ಕೈಕೆಳಗೆ ದುಡಿಯತೊಡಗಿದಿರೆಂದು ಕೇಳಿದೆ.

ಈಗಲೂ ಬಸ್ಸಿನಲ್ಲಿ ಕುಳಿತರೆ ನನ್ನ ಕಿವಿ ಹಿಂದಿನ ಗಾಲಿಗಳ ಮೇಲೇ ಇರುತ್ತದೆ. ಪಾಠ ಮಾಡುವಾಗ ಮಗುವೊಂದು "ಟೀಚರ್, ಕೇಳಿಸಲಿಲ್ರಿ" ಎಂದರೆ ಬರೆಯುವ ಕೈ ನಿಂತುಬಿಡುತ್ತದೆ — ಆ ಮಗು ಏನೂ ಅರಿಯದೆ ನನ್ನನ್ನೇ ನೋಡುತ್ತಿರುತ್ತದೆ...

ಹೋದ ತಿಂಗಳು ಉಗಾರ ಖುರ್ದದ ಬಸ್ ನಿಲ್ದಾಣದಲ್ಲಿ ನೀವೇ ನನ್ನ ಗುರುತು ಹಿಡಿದಿರಿ. "ಆರಾಮ ಅದೀರಿ, ಟೀಚರ್? ಅಣ್ಣಾರು?" ಎಂದಿರಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. "ಆರಾಮ್ರಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ಅಲ್ಲೂ ಹೇಳಲಿಲ್ಲ.

ಕಲ್ಲವ್ವನ ಗಂಡ ಇನ್ನೂ ಇದ್ದಾರೆ. ಹೆಂಡತಿಯ ಮಾತು ಬಂದಾಗಲೆಲ್ಲ ನಿಮ್ಮ ಹೆಸರು ಹಿಡಿದು ಶಪಿಸುತ್ತಾರೆ. ಅವರ ಮೊಮ್ಮಗಳು ನನ್ನ ತರಗತಿಯಲ್ಲೇ ಇದ್ದಾಳೆ. "ಇಷ್ಟ ವರ್ಷದ ಮ್ಯಾಲ ಯಾಕ ಬೇಕವಾ?" ಎನ್ನುತ್ತಾನೆ ಅಣ್ಣ. ಬೇಕು. ಈ ರವಿವಾರ ಮೊದಲು ಕಲ್ಲವ್ವನ ಮನೆಗೆ ಹೋಗಿ ನಿಜ ಹೇಳಿ, ಅಲ್ಲಿಂದ ನಿಮ್ಮಲ್ಲಿಗೆ ಬರುತ್ತೇನೆ. ಆ ಮುದುಕ ಇನ್ನು ಶಪಿಸುವುದಿದ್ದರೆ ನನ್ನನ್ನು ಶಪಿಸಲಿ.