ಬೆನ್ನ ಹಿಂದಿನ ಕೈಗಳು

ಬೆಳಿಗ್ಗೆ ಕಂಪ್ಲಿ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಮೂವರೇ ಇದ್ದೆವು: ನಾನು, ಅಂಗಡಿಯ ಗಂಗಜ್ಜಿ, ಮತ್ತು ಮುಂದಿನ ಬೆಂಚಿನಲ್ಲಿ ಫೈಲು ಹಿಡಿದು ಕುಳಿತ ಶೆಫಾಲಿ. ಅವಳ ಅಪ್ಪ ಅಮ್ಮ ಬಾಂಗ್ಲಾದಿಂದ ಬಂದವರು. ಅವಳು ಹುಟ್ಟಿದ್ದು ಸಿಂಧನೂರು ಕಡೆಯ ನಿರಾಶ್ರಿತರ ಕ್ಯಾಂಪಿನಲ್ಲಿ. ನರ್ಸಿಂಗ್ ಪಾಸಾಗಿದ್ದಾಳೆ. ಪೌರತ್ವದ ಕಾಗದವಿಲ್ಲವೆಂದು ಲೈಸೆನ್ಸ್ ಸಿಕ್ಕಿಲ್ಲ.

ಗಂಗಜ್ಜಿ ಇನ್ಸುಲಿನ್ ಸೂಜಿ ಚಾಚಿದಳು. "ನನ್ ಕೈ ನಡುಗತೈತಿ, ನೀನ ಚುಚ್ಚವ್ವ. ಇಲ್ಲಿ ಯಾರ್ ನೋಡ್ತಾರ?"

"ಬ್ಯಾಡ ಅಜ್ಜಿ. ಲೈಸೆನ್ಸ್ ಬರೋತನ ನಾ ಸೂಜಿ ಮುಟ್ಟಂಗಿಲ್ಲ." ಶೆಫಾಲಿ ಫೈಲು ತೊಡೆಯ ಮೇಲಿಟ್ಟು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನಾ ಹೇಳ್ತೀನಿ, ನೀ ಚುಚ್ಚಿಕೋ. ಹೊಟ್ಟಿ ಚರ್ಮ ಹಿಡಿ. ಹಾಂ, ಚುಚ್ಚಿ ಒತ್ತು. ಹತ್ತು ಎಣಿಸಿ ತೆಗಿ."

"ಕಲಿತಾಕಿ ನೀನು, ಚುಚ್ಚಾಕಿ ನಾನು! ಇದ್ಯಾವ ನ್ಯಾಯಲೇ?" ಎಂದು ಗೊಣಗುತ್ತಲೇ ಅಜ್ಜಿ ಚುಚ್ಚಿಕೊಂಡಳು.

ಹಿಂದೆ ಕುಳಿತ ನನಗೆ ಇನ್ನೊಂದು ಕಂಡಿತು. ಬೆನ್ನ ಹಿಂದೆ ಶೆಫಾಲಿಯ ಬೆರಳುಗಳು ಗಾಳಿಯಲ್ಲೇ ಚರ್ಮ ಹಿಡಿದು, ಚುಚ್ಚಿ, ಹತ್ತು ಎಣಿಸುತ್ತಿದ್ದವು.

"ಪೌರತ್ವದ ಕಾಗದಕ್ಕೆ ಕಚೇರಿಗೆ ಎಷ್ಟನೇ ಸಲ ಹೊರಟೀಯಮ್ಮ?" ಎಂದೆ.

"ಏಳನೇದ್ರಿ. ಕೊಡೋತನ ಹೋಗಾಕಿನ."

ಬಳ್ಳಾರಿ ಬಸ್ಸು ಬಂತು, ಶೆಫಾಲಿ ಹತ್ತಿದಳು. ಗಂಗಜ್ಜಿ ಒಲೆ ಆರಿಸಿ, ಸೂಜಿಯ ಡಬ್ಬಿ ಸೊಂಟಕ್ಕೆ ಸಿಕ್ಕಿಸಿ, ತಾನೂ ಹತ್ತಿ ಅವಳ ಪಕ್ಕ ಕುಳಿತಳು.

"ಎಲ್ಲಿಗಜ್ಜಿ?" ಎಂದ ಕಂಡಕ್ಟರ್.

"ಆಫೀಸಿಗೆ. ಇಬ್ರು."